ಮಸೀದಿ ಇದೆ ಎನ್ನಲೊಲ್ಲದವನು

…ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಆದರೂ ಆತ ನನ್ನ ಕಣ್ಣಿಗೆ ಕಟ್ಟುವುದು ಹಿಮ್ಮುಖವಾಗಿ ನಡೆಯುತ್ತಲೇ: ಪರದೇಶದಲ್ಲಿ, ಆಮ್ಸ್ಟೆಲ್‌ವೀನ್‌ನ ನಮ್ಮ ಫ್ಲ್ಯಾಟುಗಳ ಉದ್ದನೆಯ ಹೊರಪಡಸಾಲೆಯಲ್ಲಿ, ಮುಖ ನಮ್ಮತ್ತ, ಹೆಜ್ಜೆ ಹಿಂದಕ್ಕೆ, ಒಂದು ಕೈ ಗಾಳಿಯಲ್ಲಿ. ತೊಂಬತ್ತರ ದಶಕದ ಕೊನೆ. ಪಕ್ಕದ ಮನೆಯವನು. ಯುದ್ಧಕ್ಕೆ ಮುಂಚೆ ಬೋಸ್ನಿಯಾದ ಬನ್ಯಾ ಲೂಕಾದಲ್ಲಿ ಪ್ರವಾಸಿಗಳ ಗೈಡ್ ಆಗಿದ್ದ.

"ಇಲ್ಲಿ ಆರ್ಥಡಾಕ್ಸ್ ಚರ್ಚು, ಹಿಂದಿನ ಯುದ್ಧದಲ್ಲಿ ಒಡೆದ್ರು. ಅಲ್ಲಿ ನಾನೂರು ವರ್ಷದ ಮಸೀದಿ, ಈ ಯುದ್ಧದಲ್ಲಿ ಒಡೆದ್ರು. ನಮ್ಮೂರಲ್ಲಿ ಸರದಿ ತಪ್ಪಲ್ಲ," ಎಂದು ಆ ಪಡಸಾಲೆಯಲ್ಲೇ ತನ್ನೂರು ತೋರಿಸುತ್ತಾ ನಗುತ್ತಿದ್ದ. ಆತ ಆಡಿದ್ದು ಇಂಗ್ಲಿಷ್. ನಮ್ಮ ಮಾತಿಗೆ ತಂದು ಅಷ್ಟರಮಟ್ಟಿಗೆ ಕೆಡಿಸಿದ್ದೇನೆ.

ಆತನ ತಾಯಿಗೆ ಮರೆವಿನ ಕಾಯಿಲೆ. ದಿನಾ ಬೆಳಿಗ್ಗೆ ಮಸೀದಿ ಹೇಗಿದೆ ಎಂದು ಕೇಳುತ್ತಿದ್ದಳು. ಸಿಡಿಸಿದರು, ಒಂದು ಕಲ್ಲೂ ಉಳಿದಿಲ್ಲ ಎಂದು ದಿನಾ ಆತ ಹೇಳುತ್ತಿದ್ದ. ಅವಳಿಗೆ ದಿನಾ ಅದು ಹೊಸ ಸುದ್ದಿ. ಗೋಡೆಯ ಈಚೆ ನಾವು ತಿಂಡಿ ತಿನ್ನುತ್ತಾ ಆ ಅಳು ಕೇಳುತ್ತಿದ್ದೆವು.

"ಇದೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?" ನನ್ನ ಹೆಂಡತಿ ಕೇಳಿಯೇಬಿಟ್ಟಳು.

"ಇದೆ ಅಂದ್ರೆ ಒಡೆದವರು ಯಾರೂ ಇಲ್ಲ ಅಂತಾಯ್ತು. ಅವರೂ ಅದನ್ನೇ ಹೇಳ್ತಿರೋದು ಮೇಡಂ, ಏನೂ ಆಗಿಲ್ಲ ಅಂತ."

"ಕಲ್ಲು ರೀ ಅವನು," ಎಂದಳು ಒಳಗೆ ಬಂದು. "ಹೆತ್ತ ತಾಯಿ ಕಣ್ರೀ!"

ಒಂದು ಮಧ್ಯಾಹ್ನ ಆತನಿಲ್ಲದಾಗ ಮುದುಕಿ ನಮ್ಮ ಬಾಗಿಲಿಗೆ ಬಂದಳು. "ಜಾಮಿಯಾ?" ಎಂದಳು. ಮಸೀದಿ ಎನ್ನುವ ಆ ಒಂದು ಪದ ನಮಗೂ ಗೊತ್ತಿತ್ತು. ನನ್ನ ಹೆಂಡತಿ ನಗುತ್ತಾ ತಲೆಯಾಡಿಸಿದಳು: ಇದೆ, ಇದೆ. ಮುದುಕಿ ಅವಳ ಕೆನ್ನೆಗೆ ಮುತ್ತಿಟ್ಟು, ಮನೆಗೆ ಹೋಗಿ, ತಲೆವಸ್ತ್ರ ಕಟ್ಟಿ, ಶೂ ಹಾಕಿ ಬಂದು ಅವಳ ಕೈ ಹಿಡಿದು ಎಳೆಯತೊಡಗಿದಳು. ಹೊರಡೋಣ ಎಂದು.

ಆತ ಬಂದ. ನೋಡಿದ. ಕೂಗಾಡಲಿಲ್ಲ.

"ಇದೆ ಅಂದ್ರಲ್ಲ, ಕರ್ಕೊಂಡ್ಹೋಗಿ ತೋರಿಸಿ."

ಹೆಂಡತಿ ನನ್ನ ಕಡೆ ನೋಡಿದಳು. ಕೊನೆಗೆ ಮುದುಕಿಯತ್ತ ತಿರುಗಿ ಅಡ್ಡಡ್ಡ ತಲೆಯಾಡಿಸಿದಳು.

"ಹಾಗಲ್ಲ. ಒಡೆದ್ರು ಅಂತ ಬಾಯಿಬಿಟ್ಟು ಹೇಳಿ. ನಾನು ಅನುವಾದ ಮಾಡ್ತೀನಿ."

ಹೇಳಿಸಿದ. ಮುದುಕಿ ಕೈಯೆತ್ತಿ ಹೊಡೆದಳು. ಹೊಡೆದದ್ದು ನನ್ನ ಹೆಂಡತಿಗೆ. ಇಲ್ಲ, ಮಗನಿಗೆ ಎನ್ನುತ್ತಾಳೆ ಹೆಂಡತಿ ಈಗ.

ಆ ಚಳಿಗಾಲದಲ್ಲಿ ತಾಯಿ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ಆತನೂ ಮನೆ ಖಾಲಿ ಮಾಡಿದ, ನಮಗೆ ಹೇಳದೆ. ಅವಳ ಕೊನೆಯ ಬೆಳಿಗ್ಗೆಯೂ ಗೋಡೆಯಾಚೆಯಿಂದ "ಜಾಮಿಯಾ" ಎಂಬುದು ಕೇಳಿಸಿತ್ತು. ಆತ ಏನೋ ಹೇಳಿದ. ಅಳು ಕೇಳಿಸಲಿಲ್ಲ. ಸುಳ್ಳು ಹೇಳಿದನೋ, ಅಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲವೋ, ನನಗೆ ಗೊತ್ತಿಲ್ಲ.