ಹನ್ನೊಂದು ಅಡಿ ಕೋಣೆಯಲ್ಲಿ ಸಿನಿಮಾ

ಐವತ್ತರ ದಶಕದಲ್ಲಿ ಚಾಮರಾಜನಗರದಲ್ಲಿ ನಮ್ಮದು ಎರಡೇ ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆ ಹನ್ನೊಂದು ಅಡಿ, ಅದರ ಹಿಂದೆ ಅಡುಗೆಮನೆ. ಇದ್ದವರು ಮೂವರು: ಗುಮಾಸ್ತರಾಗಿದ್ದ ನನ್ನ ಯಜಮಾನರು, ಅತ್ತೆ, ನಾನು. ಯಜಮಾನರಿಗೆ ಸಿನಿಮಾ ಹುಚ್ಚು. ಗುಂಡ್ಲುಪೇಟೆ ಕಡೆಯ ಬಂಗಲೆಯೊಂದರ ದೊರೆ ಸಾಮಾನೆಲ್ಲ ಮಾರಿ ಇಂಗ್ಲೆಂಡಿಗೆ ಹೊರಟಿದ್ದಾರೆ, ಅದರಲ್ಲಿ ಸಿನಿಮಾ ಯಂತ್ರವೂ ಇದೆ ಎಂದು ಕೇಳಿದ್ದೇ ತಡ, ನನ್ನನ್ನೂ ಬಸ್ಸು ಹತ್ತಿಸಿದರು. ಜೇಬಿನಲ್ಲಿ ಕೋಣೆಯ ಉದ್ದ ಅಳೆದು ಗಂಟು ಹಾಕಿದ ಹುರಿ.

ಬಂಗಲೆಯಲ್ಲಿ ಎರಡು ಯಂತ್ರಗಳಿದ್ದವು. ದೊಡ್ಡದಕ್ಕೆ ಮಾತು ಕೇಳಿಸುವ ಪೆಟ್ಟಿಗೆಯೂ ಇತ್ತು. ಇವರ ಕಣ್ಣು ಅದರ ಮೇಲೇ.

"ಇದಕ್ಕೆ ಇಪ್ಪತ್ತೈದು ಅಡಿ ಜಾಗ ಬೇಕು ಸ್ವಾಮಿ," ಅಂದ ಬಟ್ಲರ್.

ಇವರು ಹುರಿ ಹಿಡಿದು ನೋಡಿ ಮತ್ತೆ ಜೇಬಿಗೆ ಹಾಕಿದರು. ಕೈಯಲ್ಲಿ ತಿರುಗಿಸುವ ಸಣ್ಣದನ್ನೇ ಆರಿಸಿದೆವು. ಮಾತಿಲ್ಲ, ಬರೀ ಚಿತ್ರ. ಜೊತೆಗೆ ದೊರೆ ಹಿಂದೆ ಅಲ್ಲೇ ತೆಗೆದಿದ್ದ ಒಂದು ರೀಲು ಸಿಕ್ಕಿತು.

ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಪಂಚೆ ಇಳಿಬಿಟ್ಟು, ಆರಡಿ ದೂರದ ಸ್ಟೂಲಿನ ಮೇಲೆ ಯಂತ್ರ ಇಟ್ಟರು. ಮೊರದಷ್ಟಗಲ ಬೆಳಕು ಬಿತ್ತು. ನಾಯಿ, ಕುದುರೆ, ಹೂಗಿಡ. ಆಮೇಲೆ ಜಗಲಿಯ ಕಂಬದ ಪಕ್ಕ ಒಂದೇ ಅಡಿ ಎತ್ತರ ಕಾಣುವ ಒಬ್ಬ ಹುಡುಗಿ, ನಮ್ಮ ಕಡೆಗೇ ನೋಡುತ್ತ.

ಅತ್ತೆ ಎದ್ದು ನಿಂತರು. "ನನ್ ಮಗ್ಳು ಕಣ್ಲಾ ಅದು. ನಿಮ್ಮಕ್ಕ!"

ಅತ್ತೆ ಹಿಂದೆ ಅದೇ ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದವರು. ಆರು ವರ್ಷದ ಮಗಳು ಅಲ್ಲೇ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಆಗ ಕೈಗೂಸಾಗಿದ್ದ ಯಜಮಾನರಿಗೆ ಅವಳ ಮುಖವೇ ಗೊತ್ತಿಲ್ಲ.

"ಯಾರ್ದೋ ಮಗು ಇರ್ಬೋದು ಬುಡವ್ವ," ಅಂದರು.

"ನಂಗೊತ್ತಿಲ್ವ? ಇಷ್ಟು ಚಿಕ್ಕೋಳಲ್ಲ ಅವ್ಳು. ದೊಡ್ಡದು ಮಾಡು."

ಯಂತ್ರ ಹಿಂದೆ ಸರಿದಷ್ಟೂ ಚಿತ್ರ ದೊಡ್ಡದಾಗುತ್ತಿತ್ತು. ಕೋಣೆ ಸಾಲದೆ ಅಡುಗೆಮನೆಯ ಕೊನೆಯ ಗೋಡೆಗೆ ಒತ್ತಿಟ್ಟು, ರೀಲನ್ನು ಮತ್ತೆ ಮೊದಲಿನಿಂದ ಹಾಕಿ, ನಡುವಿನ ಬಾಗಿಲಿನಿಂದ ಬೆಳಕು ಬಿಟ್ಟರು. ಹೂಗಿಡ, ಜಗಲಿ ಎಲ್ಲ ಬಾಗಿಲ ಚೌಕಟ್ಟಿಗೆ ತಾಗಿ ಕತ್ತರಿಸಿಹೋದವು. ಹುಡುಗಿಯೊಬ್ಬಳೇ ಉಳಿದಳು. ಆರು ವರ್ಷದ ಮಗುವಿನಷ್ಟೇ ಎತ್ತರ, ಪಾದ ನಮ್ಮ ನೆಲಕ್ಕೆ ತಾಗಿತ್ತು.

"ನಿಲ್ಸ್ಲಾ ಅಲ್ಲೇ!"

ಇವರ ಕೈ ನಿಂತಿತು. ಹುಡುಗಿಯೂ ನಿಂತಳು. ಆಮೇಲೆ ಅವಳ ಎದೆಯ ಮೇಲೆ ಕಂದು ಕಲೆ ಮೂಡಿ, ಗುಳ್ಳೆಯೆದ್ದು, ಮುಖದ ತನಕ ಹರಡಿತು. ಬಲ್ಬಿನ ಕಾವಿಗೆ ಫಿಲಂ ಸುಡುತ್ತಿತ್ತು. ಇವರು ಸ್ವಿಚ್ ಆರಿಸುವಷ್ಟರಲ್ಲಿ ಮನೆಯೆಲ್ಲ ಸುಟ್ಟ ವಾಸನೆ. ಕತ್ತಲಲ್ಲಿ ಅತ್ತೆ ಗೋಡೆಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಮಾತಾಡುತ್ತಿದ್ದರು.

ಮರುದಿನ ಇವರು ಸುಟ್ಟ ಭಾಗ ಕತ್ತರಿಸಿ, ಅಂಟಿಸಿ, ಮತ್ತೆ ಓಡಿಸಿದರು. ನಾಯಿ ಇತ್ತು, ಕುದುರೆ ಇತ್ತು, ಜಗಲಿಯ ಕಂಬ ಇತ್ತು. ಹುಡುಗಿ ಎಲ್ಲೂ ಇರಲಿಲ್ಲ. ಮೂರು ಸಲ ನೋಡಿದೆವು.

"ಜಾಸ್ತಿ ಕತ್ತರಿಸ್ಬುಟ್ಟೆ ಅನ್ಸುತ್ತೆ," ಅಂದರು. ಆ ತುಂಡು ನನ್ನ ಕೈಯಲ್ಲೇ ಇತ್ತು, ಗೇಣುದ್ದವೂ ಇರಲಿಲ್ಲ.

ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಇಲ್ಲಿಗೆ ಬಂದ್ಮೇಲೆ ಅಲ್ಯಾಕಿರ್ತಾಳೆ, ಬುಡು," ಅಂದರು.

ಯಜಮಾನರು ಯಂತ್ರವನ್ನು ಅಟ್ಟಕ್ಕೆ ಹಾಕಿದರು. ಸಂಜೆ ನಾನು ಮೂರು ಮುದ್ದೆ ಕಟ್ಟಿಟ್ಟಿದ್ದೆ. ಅತ್ತೆ ನೋಡಿ, "ಇನ್ನೊಂದು ಸಣ್ಣದು ಕಟ್ಟಮ್ಮಿ," ಅಂದರು.

ಕಟ್ಟಿದೆ. ಅವರು ಇರುವ ತನಕ ದಿನವೂ ಕಟ್ಟಿದೆ. ಯಜಮಾನರು ಒಮ್ಮೆಯೂ ಯಾಕೆಂದು ಕೇಳಲಿಲ್ಲ.