ಒಂದು ಕಿವಿ ಮಗ್ಗಕ್ಕೆ

ತಮಿಳುನಾಡಿನ ಪಲ್ಲಡಂ ಹತ್ತಿರದ ಪವರ್‌ಲೂಮ್ ಶೆಡ್ಡಿಗೆ ಮೋಟಾರ್ ರಿಪೇರಿಗೆ ಹೋಗಿದ್ದೆ. ಅದರ ಓನರ್, ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರು. ಒಳಗೆ ಸಾಲು ಮಗ್ಗಗಳು ಓಡುತ್ತಲೇ ಇದ್ದವು. ಹೊರಗೆ ಟೀ ಕುಡಿಯುತ್ತಾ, ನನ್ನ ಎಂಪಿತ್ರೀ ಪ್ಲೇಯರ್ ನೋಡಿ, “ಏನು ಪಾಟು, ತಂಬಿ? ಯಾವ ಹಾಡು?” ಎಂದರು.

“ನನ್ನ ಮೆಚ್ಚಿನ ರಾಕ್ ಬ್ಯಾಂಡು ಸಾರ್. ಈಗ ದುಡ್ಡಿಗೆ ತಮ್ಮನ್ನೇ ಮಾರಿಕೊಂಡಿದ್ದಾರೆ. ಹೊಸ ಆಲ್ಬಮ್ ಬರೀ ಅಬ್ಬರ” ಎಂದು ಗೊಣಗಿ, ಹಳೆಯದು ಹೊಸದು ಎರಡನ್ನೂ ಕೇಳಿಸಿದೆ. ಅವರು ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡರು.

“ಮಾರೋದು ತಪ್ಪಾ ತಂಬಿ? ನಾವೂ ಮಾರೋಕೇ ತಾನೇ ನೇಯೋದು? ಆದ್ರೆ ಹಳೇದ್ರಲ್ಲಿ ಡ್ರಮ್ ಒಂದೇಟು ಮೆಲ್ಲಗೆ, ಒಂದೇಟು ಜೋರು. ಹೊಸದ್ರಲ್ಲಿ ಎಲ್ಲಾ ಏಟೂ ಒಂದೇ. ಇರಿ, ಏಳನೇ ಮಗ್ಗದಲ್ಲಿ ನೂಲು ಕಡೀತು” ಎಂದು ಒಳಗೆ ಓಡಿದರು. ಹಿಂದೆಯೇ ಹೋಗಿ ನೋಡಿದೆ. ನಿಂತಿದ್ದದ್ದು ಏಳನೆಯದೇ.

ಇಷ್ಟು ವರ್ಷ ಎರಡೂ ಕಿವಿ ಕೊಟ್ಟು ಕೇಳಿದ್ದ ನನಗೆ ‘ಅಬ್ಬರ’ ಅನ್ನುವುದಷ್ಟೇ ಹೊಳೆದಿತ್ತು.