ನಲ್ಲಿಗೆ ಹೋಗುವ ದಾರಿ

ಗೇಟಿನಿಂದ ನಲ್ಲಿಗೆ ಇಪ್ಪತ್ತು ಹೆಜ್ಜೆ. ಆರನೆಯ ತರಗತಿಯ ಶ್ವೇತಾ ಆ ದಾರಿಯನ್ನು ಇಡೀ ತೋಟ ಸುತ್ತಿಸಿ ಸುಣ್ಣದ ಪುಡಿಯಲ್ಲಿ ಎಳೆದಿದ್ದಳು. ಮುಂಬಯಿ ಪಕ್ಕದ ಡೊಂಬಿವಿಲಿಯ ನಮ್ಮ ಕನ್ನಡ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ತೋಟದ ನಕ್ಷೆ ಹಾಕಿಸಿ ರೇಖಾಗಣಿತ ಕಲಿಸುವುದು ಆ ವರ್ಷದ ನನ್ನ ಘನಕಾರ್ಯ. ಎರಡು ಬಿಂದುಗಳ ನಡುವೆ ಸರಳರೇಖೆಯೇ ಹತ್ತಿರದ ದಾರಿ ಎಂದು ಆಗಷ್ಟೇ ರಾಜಾಜ್ಞೆಯಂತೆ ಸಾರಿದ್ದೆ.

"ಎಂತ ಮಾರಾಯ್ತಿ, ಒಂದು ಲೋಟ ನೀರಿಗೆ ಕಲ್ಯಾಣ್ ಸ್ಟೇಶನ್ ಸುತ್ತಿ ಬರಬೇಕಾ?" ಎಂದೆ. ಮಕ್ಕಳು ನಕ್ಕರು.

ಅವಳು ತಲೆ ಎತ್ತಲಿಲ್ಲ. "ಪಪ್ಪ ಸೀದಾ ಹೋದ್ರು ಸರ್. ದಿವಾ ಸ್ಟೇಶನ್ನಲ್ಲಿ. ಬ್ರಿಡ್ಜ್ ದೂರ ಆಗ್ತದೆ ಅಂತ ರೈಲು ಪಟ್ರಿ ದಾಟಿದ್ರು."

ಅವಳಪ್ಪ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಹೇಗೆಂದು ಕೇಳಿರಲಿಲ್ಲ.

ಅವಳು ಎಳೆದ ಗೆರೆಯ ಮೇಲೆಯೇ ಇಟ್ಟಿಗೆ ಹಾಸಿಸಿದೆ. ನಿವೃತ್ತರಾಗುವವರೆಗೂ ಈ ಗಣಿತದ ಮೇಷ್ಟ್ರು ತೋಟ ಸುತ್ತಿಕೊಂಡೇ ಹೋಗಿ ನೀರು ಕುಡಿದರು.